ಪರದೆಯ ನಡುವಿನ ಕಲೆ

1978ರಲ್ಲಿ ನಾನು ಚಿತ್ರದುರ್ಗದಲ್ಲಿದ್ದೆ. ಸಿನಿಮಾ ಪ್ರೊಜೆಕ್ಟರುಗಳನ್ನು ಮಾರುತ್ತಿದ್ದ ಬೆಂಗಳೂರಿನ ಕಂಪನಿಯೊಂದರ ಪರವಾಗಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಥಿಯೇಟರು ಮತ್ತು ಟೆಂಟುಗಳ ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕಾರ್ಡಿನ ಮೇಲೆ ‘ಸರ್ವಿಸ್ ಇಂಜಿನಿಯರ್’ ಎಂದು ಅಚ್ಚು ಹಾಕಿಸಿ ಕೊಟ್ಟಿದ್ದರು. ಸಂಬಳ ಮಾತ್ರ ಮೆಕ್ಯಾನಿಕ್ಕಿನದೇ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಬಾಡಿಗೆ ಕೋಣೆ, ಒಂದು ಟೂಲ್ ಬ್ಯಾಗು, ಹೋಟೆಲ್ ಊಟದಿಂದ ಸದಾ ಕೆಟ್ಟಿರುತ್ತಿದ್ದ ಹೊಟ್ಟೆ, ಇವಿಷ್ಟು ನನ್ನ ಆಸ್ತಿ.

ಆಗ ಟೆಂಟಿನವರಿಗೆಲ್ಲ ಒಂದೇ ಚಿಂತೆ ಹತ್ತಿಕೊಂಡಿತ್ತು. ಅದು ‘ಸ್ಕೋಪ್’. ಮಾಮೂಲಿ ಚಿತ್ರಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ಅಗಲಕ್ಕೆ ಹರಡಿಕೊಳ್ಳುವ ಚಿತ್ರವದು. ಫಿಲ್ಮಿನಲ್ಲಿ ದೃಶ್ಯವನ್ನು ಅಡ್ಡಕ್ಕೆ ಒತ್ತಿ ತುಂಬಿರುತ್ತಾರೆ. ಪ್ರೊಜೆಕ್ಟರಿನ ಮುಂದೆ ಹಾಕುವ ವಿಶೇಷ ಲೆನ್ಸು ಅದನ್ನು ಮತ್ತೆ ಹಿಗ್ಗಿಸಿ ಪರದೆಯ ಮೇಲೆ ಬಿಡುತ್ತದೆ. ನಮ್ಮ ಜನ ಇದನ್ನು ‘ಅಗಲ ಪಿಚ್ಚರ್’ ಎಂದು ಕರೆದರು. ಹಿಂದಿಯಲ್ಲಿ ಮೊದಲೇ ಇತ್ತು, ಈಗ ಕನ್ನಡದಲ್ಲೂ ಶುರುವಾಗಿತ್ತು. ಅಗಲ ಪರದೆ ಇಲ್ಲದವರಿಗೆ ಹೊಸ ಚಿತ್ರ ಕೊಡುವುದಿಲ್ಲವೆಂದು ಹಂಚಿಕೆದಾರರ ಏಜೆಂಟರು ಜಂಬ ಕೊಚ್ಚಿಕೊಂಡು ತಿರುಗುತ್ತಿದ್ದರು.

ಹೀಗಾಗಿ ನನ್ನ ಕೋಣೆಗೆ ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ‘ನಮ್ ದುಡ್ಡಿಗೆ ಎಷ್ಟು ದೊಡ್ಡ ಪರದೆ ಬರ್ತದೆ?’ ದೊಡ್ಡದು ಎಂದರೆ ಒಳ್ಳೆಯದು ಎಂಬ ನಂಬಿಕೆಯನ್ನು ತಲೆಯಿಂದ ತೆಗೆಯುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತಿತ್ತು. ಒಂದು ಬಕೆಟ್ ಸುಣ್ಣದಲ್ಲಿ ಒಂದು ಗೋಡೆ ಚೆನ್ನಾಗಿ ಬಳಿಯಬಹುದು. ಅದೇ ಬಕೆಟ್ಟಿನಲ್ಲಿ ಎರಡು ಗೋಡೆ ಬಳಿದರೆ ಎರಡರಲ್ಲೂ ಇಟ್ಟಿಗೆ ಕಾಣುತ್ತದೆ. ಪ್ರೊಜೆಕ್ಟರಿನ ಬೆಳಕೂ ಅಷ್ಟೇ. ಯಂತ್ರ ಹಳೆಯದನ್ನೇ ಇಟ್ಟುಕೊಂಡು ಪರದೆ ಮಾತ್ರ ಹಿಗ್ಗಿಸಿದರೆ ಚಿತ್ರ ಮಂಕಾಗುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಜನ ತಲೆಯಾಡಿಸಿ, ಕೊನೆಯಲ್ಲಿ ‘ಆದ್ರೂ ಸ್ವಲ್ಪ ದೊಡ್ಡದೇ ಇರ್ಲಿ ಬಿಡ್ರಿ’ ಎನ್ನುತ್ತಿದ್ದರು.

ಫೆಬ್ರವರಿ ಹೊತ್ತಿಗೆ ತಿಪ್ಪೇಸ್ವಾಮಿ ಎಂಬುವರು ಹೆಂಡತಿ ಗೌರಮ್ಮನ ಜೊತೆ ಬಂದರು. ನಲವತ್ತೈದರ ಆಸುಪಾಸಿನ ವಯಸ್ಸು, ಗಟ್ಟಿ ಆಳು. ಚಿಕ್ಕಂದಿನಿಂದ ಟೂರಿಂಗ್ ಟಾಕೀಸುಗಳಲ್ಲಿ ಆಪರೇಟರ್ ಆಗಿ ದುಡಿದು, ಕೊನೆಗೆ ಒಂದು ಹಳೆಯ ಯಂತ್ರ ಮತ್ತು ಟೆಂಟನ್ನು ಸ್ವಂತಕ್ಕೆ ಮಾಡಿಕೊಂಡವರು. ಪ್ರೊಜೆಕ್ಟರ್ ಓಡಿಸುವುದು ಅವರು, ಟಿಕೆಟ್ ಹರಿಯುವುದು ಗೌರಮ್ಮ. ಟೆಂಟು ಒಂದೇ ಊರಿನಲ್ಲಿ ಬೇರೂರುವ ಹಾಗಿಲ್ಲ. ಲೈಸೆನ್ಸಿನ ಅವಧಿ ಮುಗಿದ ಮೇಲೆ ಕಿತ್ತು ಇನ್ನೊಂದೂರಿಗೆ ಹೋಗಬೇಕು. ಆಗ ಅವರ ಟೆಂಟು ಆಂಧ್ರದ ಗಡಿಗೆ ಹತ್ತಿರದ ಧರ್ಮಪುರದಲ್ಲಿತ್ತು. ಯುಗಾದಿ ಕಳೆದ ಮೇಲೆ ಚಿಕ್ಕಜಾಜೂರಿಗೆ ಹೋಗಬೇಕಿತ್ತು.

“ಅಲ್ಲಿ ರೈಲ್ವೆ ಜನ ಸಾರ್. ಹುಬ್ಳಿ, ಬೆಂಗ್ಳೂರು ಎಲ್ಲ ಥೇಟರ್ ನೋಡ್ದೋರು. ಸ್ಕೋಪ್ ಹಾಕ್ಲಿಲ್ಲ ಅಂದ್ರೆ ಟೆಂಟಿನ ಕಡೆ ತಲೆನೂ ಹಾಕಲ್ಲ,” ಎಂದರು ತಿಪ್ಪೇಸ್ವಾಮಿ. “ಏಜೆಂಟ ಪಿಚ್ಚರ್ ಕೊಡ್ತೀನಿ ಅಂದವ್ನೆ, ಪರದೆ ತೋರ್ಸು ಅಂತಾನೆ. ಈ ಸೀಜನ್ ತಪ್ಪಿದ್ರೆ ಟೆಂಟು ಮಡ್ಚಿ ಮೂಲೆಗಿಡಾದೇಯ. ಅದೂ ಅಲ್ದೆ ಈಗಿರೋ ಪರದೆ ಹಾಳಾಗೈತೆ. ನಡುಮಧ್ಯ ಒಂದು ಕಲೆ ಬಿದ್ದೈತೆ. ಮೂರು ಸಲ ಒಗ್ಸಿದ್ವಿ, ಹೋಗ್ತಿಲ್ಲ.”

“ಒಗೆದೋಳು ನಾನು ಅಣ್ಣ. ನಂಗೆ ಯಾವ ಕಲೆನೂ ಕಾಣ್ಲಿಲ್ಲ,” ಎಂದರು ಗೌರಮ್ಮ.

“ನಿಂಗೆ ಹೆಂಗೆ ಕಾಣ್ತದೆ? ಪಿಚ್ಚರ್ ಓಡೋವಾಗ ನೀನು ಗಲ್ಲಾದಾಗೆ ಕುಂತಿರ್ತೀಯ. ಜನಾನೂ ಕೂಗ್ತಾರಲ್ಲ, ಮಕ ಮಬ್ಬು ಮಬ್ಬು ಅಂತ.”

ಅದು ನಿಜವೆಂದು ಗೌರಮ್ಮನೂ ಒಪ್ಪಿದರು. ಈಚೆಗೆ ಪ್ರತಿ ಆಟದಲ್ಲೂ ಕೂಗಾಟ ಇದ್ದೇ ಇತ್ತಂತೆ.

ಇದ್ದ ದುಡ್ಡಿನಲ್ಲಿ ಏನೇನು ಸಾಧ್ಯ ಎಂದು ಅವರಿಗೆ ವಿವರಿಸಿದೆ. ಬೆಂಗಳೂರಿನ ಹೊಸ ಪರದೆ ಕೈಗೆಟುಕುವಂತಿರಲಿಲ್ಲ. ದಾವಣಗೆರೆಯ ಥಿಯೇಟರೊಂದು ತನ್ನ ಹಳೆಯ ಬೆಳ್ಳಿಲೇಪದ ಪರದೆಯನ್ನು ಮಾರುತ್ತಿತ್ತು. ಬೆಳ್ಳಿಲೇಪದ ಪರದೆ ಎದುರಿಗೆ ಕುಳಿತವರಿಗೆ ಥಳಥಳ ಹೊಳೆಯುತ್ತದೆ. ಪಕ್ಕದಲ್ಲಿ ಕುಳಿತವರಿಗೆ ಮಂಕಾಗುತ್ತದೆ. ಟೆಂಟಿನಲ್ಲಿ ಜನ ಬೇಲಿಯವರೆಗೂ ಹರಡಿ ಕೂರುವುದರಿಂದ ಅದು ಬೇಡವೆಂದೆ. ಉಳಿದದ್ದು ದಪ್ಪ ಬಿಳಿ ಬಟ್ಟೆಯಲ್ಲಿ ಹೊಲಿಸುವ ದಾರಿ. ಬಟ್ಟೆಯ ಹಿಂದೆ ಕಪ್ಪು ಬಟ್ಟೆ ಕೊಟ್ಟರೆ ಬೆಳಕು ಆಚೆ ಸೋರುವುದಿಲ್ಲ. ಸುತ್ತ ಕಪ್ಪು ಅಂಚು ಹಾಕಿದರೆ ಅಷ್ಟೇ ಬೆಳಕಿನ ಚಿತ್ರವೂ ಹೆಚ್ಚು ಬೆಳ್ಳಗೆ ಕಾಣುತ್ತದೆ. ಅವರ ಯಂತ್ರಕ್ಕೆ ಇಪ್ಪತ್ತನಾಲ್ಕು ಅಡಿ ಅಗಲವೇ ಹೆಚ್ಚು ಎಂದು ನಾನು. ಇಪ್ಪತ್ತೆಂಟಾದರೂ ಬೇಕೇಬೇಕು ಎಂದು ಅವರು. ಯಂತ್ರವನ್ನೂ ಆ ಕಲೆಯನ್ನೂ ಕಣ್ಣಾರೆ ನೋಡದೆ ಒಪ್ಪುವುದಿಲ್ಲ ಎಂದು ಹೇಳಿ ಕಳಿಸಿದೆ.

ಮರುವಾರ ಹಿರಿಯೂರಿನಲ್ಲಿ ಕೆಲಸ ಮುಗಿಸಿ ಧರ್ಮಪುರದ ಬಸ್ಸು ಹತ್ತಿದೆ. ಟೆಂಟು ಊರಾಚೆಯ ಬಯಲಿನಲ್ಲಿತ್ತು. ಹಗಲು ಬೆಳಕಿನಲ್ಲಿ ಪರದೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದೆ. ತೊಳೆದ ಬಟ್ಟೆಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಸರಿ, ಹಾಗಾದರೆ ಲೆನ್ಸಿನಲ್ಲಿ ಬೂಷ್ಟು ಕಟ್ಟಿರಬೇಕು, ಇಲ್ಲವೇ ಬೆಳಕನ್ನು ಮುಂದಕ್ಕೆ ತಳ್ಳುವ ಕನ್ನಡಿ ನಡುವೆ ಸೀದಿರಬೇಕು ಎಂದುಕೊಂಡು ಎರಡನ್ನೂ ಬಿಚ್ಚಿದೆ. ಎರಡೂ ಅಚ್ಚುಕಟ್ಟಾಗಿದ್ದವು. ಅಷ್ಟು ಹಳೆಯ ಯಂತ್ರವನ್ನು ಅಷ್ಟು ಚೊಕ್ಕಟವಾಗಿ ಇಟ್ಟುಕೊಂಡವರು ನನ್ನ ನಾಲ್ಕು ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ.

ಸಂಜೆ ಮೊದಲ ಆಟ ಶುರುವಾಯಿತು. ನಾನು ಜನರ ನಡುವೆ ನೆಲದ ಮೇಲೆ ಕುಳಿತೆ. ಹತ್ತು ನಿಮಿಷ ಕಳೆಯುವ ಮೊದಲೇ ಯಾರೋ ಕೂಗಿದರು: “ತಿಪ್ಪಣ್ಣೋ, ಮಕ ಕಾಣ್ಸವಲ್ದು! ಏಮಯ್ಯಾ, ನಿದ್ದೆ ಹೋದ್ಯಾ?” ಕೂಗಿದವನ ಮಾತಿನಲ್ಲಿ ಸುಳ್ಳಿರಲಿಲ್ಲ. ಚಿತ್ರದ ಎರಡು ಪಕ್ಕದ ಮರ, ಕಂಬ, ಬಾಗಿಲು ಎಲ್ಲ ಕೊರೆದಿಟ್ಟಂತೆ ಸ್ಪಷ್ಟವಾಗಿದ್ದವು. ನಡುವೆ ನಿಂತ ನಾಯಕಿಯ ಮುಖ ಮಾತ್ರ ಹಾಲಿನಲ್ಲಿ ಅದ್ದಿದಂತೆ ಮಸುಕು. ಹಳೆಯ ಲೆನ್ಸುಗಳ ಗುಣವೇ ಅದು. ನಡುಭಾಗಕ್ಕೆ ಫೋಕಸ್ ಮಾಡಿದರೆ ಅಂಚು ತುಸು ಮಸುಕಾಗುತ್ತದೆ, ಅಂಚಿಗೆ ಮಾಡಿದರೆ ನಡುಭಾಗ ಕೆಡುತ್ತದೆ. ಯಾವ ಆಪರೇಟರನೂ ಅಂಚಿಗೆ ಫೋಕಸ್ ಮಾಡುವುದಿಲ್ಲ. ಜನ ಬರುವುದು ಮುಖ ನೋಡಲಿಕ್ಕೆ.

ಎದ್ದು ತಗಡಿನ ಕ್ಯಾಬಿನ್ನಿಗೆ ಹೋದೆ. ಫೋಕಸ್ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದೆ. ಹೊರಗಿನಿಂದ ಶಿಳ್ಳೆ, ಚಪ್ಪಾಳೆ ಕೇಳಿತು. ತಿಪ್ಪೇಸ್ವಾಮಿ ಗಾಬರಿಯಾದರು.

“ಅಯ್ಯೋ ಸಾರ್, ಚೆನ್ನಾಗಿದ್ದ ಪಿಚ್ಚರ್ ಕೆಡ್ಸಿಬಿಟ್ರಲ್ಲ!”

ನಾನು ಉತ್ತರ ಕೊಡುವ ಮೊದಲೇ ಅವರು ಲ್ಯಾಂಪ್‌ಹೌಸಿನ ಬಾಗಿಲು ತೆರೆದರು. ಲ್ಯಾಂಪ್‌ಹೌಸ್ ಎಂದರೆ ಪ್ರೊಜೆಕ್ಟರಿನ ಹಿಂಭಾಗದ ಕಬ್ಬಿಣದ ಪೆಟ್ಟಿಗೆ. ಅದರೊಳಗೆ ಎರಡು ಕಾರ್ಬನ್ ಕಡ್ಡಿಗಳು ತುದಿಗೆ ತುದಿ ಎದುರಾಗಿರುತ್ತವೆ, ನಡುವೆ ವಿದ್ಯುತ್ತು ಹಾರಿ ಉರಿಯುತ್ತದೆ. ಟೆಂಟಿನ ಚಿತ್ರವನ್ನೆಲ್ಲ ಬೆಳಗುವುದು ಆ ಉರಿಯೇ. ಕಡ್ಡಿ ಸವೆದಂತೆಲ್ಲ ಅವನ್ನು ಹತ್ತಿರಕ್ಕೆ ತರುತ್ತಿರಬೇಕು. ಹಾಗೆ ಮಾಡುವಾಗ ಉರಿ ನೋಡಲೆಂದೇ ಬಾಗಿಲಿನಲ್ಲಿ ಕಪ್ಪುಗೆಂಪಿನ ದಪ್ಪ ಗಾಜಿನ ಕಿಂಡಿ ಇರುತ್ತದೆ. ತಿಪ್ಪೇಸ್ವಾಮಿ ಆ ಕಿಂಡಿಗೆ ತಗಡು ಬಡಿದಿದ್ದರು. ಬಾಗಿಲನ್ನೇ ತೆರೆದು, ಮುಖ ಬಗ್ಗಿಸಿ, ವೆಲ್ಡಿಂಗಿನ ಬೆಳಕಿನಂಥ ಆ ಉರಿಯನ್ನು ಬರಿಗಣ್ಣಿನಿಂದ ನೋಡುತ್ತ ಕಡ್ಡಿ ಸರಿಪಡಿಸಿದರು.

ನಾನು ಬಾಗಿಲನ್ನು ದಢಾರನೆ ಮುಚ್ಚಿದೆ. ಅವರಿಗೆ ನಗು ಬಂತು.

“ಆ ಗಾಜು ಸುಳ್ಳು ಹೇಳ್ತದೆ ಸಾರ್. ಅದ್ರಾಗೆ ಎಲ್ಲ ಉರಿನೂ ಕೆಂಪಗೇ ಕಾಣ್ತದೆ. ಉರಿ ನೀಲಿಗೆ ತಿರುಗ್ತೋ, ಹಳದಿಗೆ ತಿರುಗ್ತೋ ತಿಳಿಬೇಕಂದ್ರೆ ಬರಿಗಣ್ಣಾಗೇ ಓದ್ಬೇಕು. ನಮ್ ಗುರುಗಳು ನಂಗೆ ಮೊದ್ಲು ಕಲ್ಸಿದ್ದೇ ಉರಿ ಓದಾದು. ಗಾಜು ಇಟ್ಕಂಡು ನೋಡೋನು ಕಲಿಯೋ ಹುಡುಗ ಅಂತಿದ್ರು.”

ಉರಿ ಓದುವುದು. ಟೆಂಟಿನ ಆಪರೇಟರುಗಳ ಬಾಯಲ್ಲಿ ಆ ಮಾತನ್ನು ಅಲ್ಲಿ ಇಲ್ಲಿ ಕೇಳಿದ್ದೆ, ಸುಮ್ಮನೆ ಜಂಬದ ಮಾತು ಎಂದುಕೊಂಡಿದ್ದೆ. ಇವರು ಅದನ್ನು ಇಪ್ಪತ್ತೈದು ವರ್ಷ ದಿನಕ್ಕೆರಡು ಆಟ ಅಕ್ಷರಶಃ ಮಾಡಿದ್ದರು. ಅವರ ಚಿತ್ರ ಎಂದೂ ಮಿಣುಕುತ್ತಿರಲಿಲ್ಲ, ಕಾರ್ಬನ್ ಕಡ್ಡಿ ಎಂದೂ ದಂಡವಾಗುತ್ತಿರಲಿಲ್ಲ ಎಂದು ಹಿರಿಯೂರಿನವರೆಗೂ ಹೆಸರಿತ್ತು. ಆ ಹೆಸರು ಬಂದದ್ದು ಹೇಗೆ ಎಂದು ಈಗ ತಿಳಿಯಿತು. ಅಂದು ಉಳಿದ ಆಟಕ್ಕೆಲ್ಲ ನಾನೇ ಯಂತ್ರದ ಬಳಿ ನಿಂತೆ.

ಬೆಳಿಗ್ಗೆ ಪರದೆಯನ್ನು ಇಳಿಸಿ ಬಯಲಿನಲ್ಲಿ ಹಾಸಿಸಿದೆ. ಗೌರಮ್ಮ ಚಹಾ ತಂದು ಪಕ್ಕದಲ್ಲಿ ನಿಂತಿದ್ದರು.

“ಕಲೆ ಎಲ್ಲಿದೆ, ಬೆರಳಿಟ್ಟು ತೋರಿಸಿ,” ಎಂದೆ.

ತಿಪ್ಪೇಸ್ವಾಮಿ ಬಟ್ಟೆಯ ಮೇಲೆ ನಡೆದು ಹೋಗಿ ಬಗ್ಗಿ ಬೆರಳಿಟ್ಟರು. “ಇಲ್ಲಿ ನೋಡ್ರಿ.” ಅಲ್ಲಿ ಬಿಳಿ ಬಟ್ಟೆಯಷ್ಟೇ ಇತ್ತು. ಆ ಜಾಗಕ್ಕೆ ಒಂದು ಕಲ್ಲಿಟ್ಟೆ. ಈಗ ಬಟ್ಟೆಯ ಇನ್ನೊಂದು ತುದಿಗೆ ಹೋಗಿ ಕಾಲ ಕೆಳಗೆ ನೋಡಿ, ಕಲೆ ಎಲ್ಲಿದೆ ಹೇಳಿ ಎಂದೆ. ಹೋದರು, ನೋಡಿದರು.

“ಇಲ್ಲೈತೆ,” ಎಂದವರು ತಟ್ಟನೆ ನಿಂತರು. ಕಲ್ಲಿದ್ದ ಕಡೆಗೆ ತಿರುಗಿದರು. ಮತ್ತೆ ಕಾಲ ಕೆಳಗೆ ನೋಡಿದರು. ಮತ್ತೊಂದು ಮೂಲೆಗೆ ತಾವಾಗಿಯೇ ಹೋದರು. ನಾನು ಏನೂ ಹೇಳಬೇಕಾಗಲಿಲ್ಲ. ಆ ಮನುಷ್ಯ ದಡ್ಡರಲ್ಲ. ಎಲ್ಲಿ ನೋಡಿದರೆ ಅಲ್ಲಿಗೆ ಬರುವ ಕಲೆ ಬಟ್ಟೆಯದಲ್ಲ ಎಂಬುದು ನನಗಿಂತ ಮೊದಲು ಅವರಿಗೇ ಅರ್ಥವಾಗಿತ್ತೇನೋ.

“ಗೌರಮ್ಮನ ಕಡೆ ನೋಡಿ,” ಎಂದೆ. ಕೇಳಬಾರದಿತ್ತೇನೋ, ಆದರೆ ಕೇಳದೆ ವಿಧಿಯಿರಲಿಲ್ಲ.

ಬಹಳ ಹೊತ್ತು ನೋಡಿದರು. “ಕಿವಿ ಓಲೆ ಕಾಣ್ತವೆ. ಸೆರಗು ಕಾಣ್ತದೆ. ಮಕ ಇಲ್ಲ ಸಾರ್.”

ಗೌರಮ್ಮ ಚಹಾದ ಲೋಟ ಹಿಡಿದುಕೊಂಡೇ ಬಟ್ಟೆಯ ಮೇಲೆ ಕುಸಿದು ಕುಳಿತರು. “ಯಾವಾಗ್ಲಿಂದ?”

“ದೀಪಾವಳಿಗೆ ಮುಂಚಿಂದ.”

“ನನ್ನ ಮಕ ಕಾಣ್ದಂಗೆ ಇಷ್ಟು ದಿನ ಸುಮ್ಕಿದ್ರಾ? ಒಂದು ಮಾತು ಹೇಳಾಕೇನಾಗಿತ್ತು?”

“ಲಾಟೀನಿನ ಬೆಳಕು ಸಾಲ್ತಿಲ್ಲ ಅನ್ಕಂಡಿದ್ದೆ ಕಣೆ. ಹಗಲಾದ್ರೆ ರಾತ್ರಿ ನಿದ್ದೆಗೆಟ್ಟ ಕಣ್ಣು, ಹಂಗೇ ಅಂತ ಸುಮ್ನಾದೆ. ಪರದೆ ಮ್ಯಾಲೆ ಮಾತ್ರ ಕಲೆ ಅಂತ ಗೊತ್ತಾಗ್ತಿತ್ತು. ಅಂಚು ಕಾಣ್ತಿತ್ತಲ್ಲ, ಅದಕ್ಕೇ ಫೋಕಸ್ ಮಾಡ್ತಿದ್ದೆ.”

ಗೌರಮ್ಮ ಹೊಸ ಪರದೆಯ ಮಾತನ್ನೇ ಬಿಟ್ಟರು. ಅದಕ್ಕೆಂದು ಕೂಡಿಸಿದ್ದನ್ನೆಲ್ಲ ಕಣ್ಣಿಗೆ ಸುರಿಯುವುದೆಂದು ಅಲ್ಲೇ ತೀರ್ಮಾನಿಸಿದರು. ಎರಡು ದಿನದ ಆಟ ನಿಲ್ಲಿಸಿ ದಾವಣಗೆರೆಗೆ ಹೊರಟರು. ನಾನೂ ಜೊತೆಗೆ ಹೋದೆ. ಕಣ್ಣಿನ ಡಾಕ್ಟರು ಹನಿ ಹಾಕಿ, ಕತ್ತಲೆ ಕೋಣೆಯಲ್ಲಿ ಕೂರಿಸಿ, ಬಹಳ ಹೊತ್ತು ನೋಡಿದರು. ಕೆಲಸ ಏನೆಂದು ಕೇಳಿದರು. ನಾನು ಹೇಳಿದೆ. ಅವರು ಕುರ್ಚಿಗೆ ಒರಗಿಕೊಂಡರು.

“ಎರಡೂ ಕಣ್ಣಿನೊಳಗೆ ಚಿತ್ರ ಮೂಡುವ ಪರದೆ ನಡುವೆ ಸುಟ್ಟಿದೆ. ಇದಕ್ಕೆ ಔಷಧಿ ಇಲ್ಲ, ಆಪರೇಷನ್ನೂ ಇಲ್ಲ, ಕನ್ನಡಕವೂ ಇಲ್ಲ. ಸುತ್ತಲಿನ ನೋಟ ಉಳಿದಿದೆ. ಇನ್ನು ಆ ಬೆಳಕಿನ ಹತ್ತಿರ ಹೋಗಬೇಡಿ.”

ತಿಪ್ಪೇಸ್ವಾಮಿ ನನ್ನ ಕಡೆ ತಿರುಗಿದರು. “ನೋಡಿದ್ರಾ ಸಾರ್? ಪರದೆ ಹಾಳಾಗೈತೆ ಅಂತ ನಾನು ಮೊದ್ಲೇ ಹೇಳಿರ್ಲಿಲ್ವಾ?”

ಡಾಕ್ಟರಿಗೆ ಆ ಮಾತು ಅರ್ಥವಾಗಲಿಲ್ಲ. ಗೌರಮ್ಮ ಗೋಡೆಯ ಕಡೆ ಮುಖ ಮಾಡಿ ಅತ್ತರು. ನಾನು ಡಾಕ್ಟರ ಮೇಜಿನ ಮೇಲಿದ್ದ ಪೆನ್ ಸ್ಟ್ಯಾಂಡನ್ನು ನೋಡುತ್ತ ಕುಳಿತೆ.

ಹೀಗೆ ಕಣ್ಣಿಗೆಂದು ತೆಗೆದಿಟ್ಟ ದುಡ್ಡು ಕಣ್ಣಿಗೆ ಖರ್ಚಾಗಲಿಲ್ಲ. ಖರ್ಚು ಮಾಡಲು ದಾರಿಯೇ ಇರಲಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ತಿಪ್ಪೇಸ್ವಾಮಿ ತಾವೇ ಪರದೆಯ ಮಾತು ತೆಗೆದರು.

“ಸಾರ್, ಒಂದು ಕೇಳ್ತೀನಿ. ನಾನು ಇಪ್ಪತ್ತೆಂಟು ಅಡಿ ಅಂತ ಹಟ ಹಿಡ್ದಿದ್ದು ಯಾಕೆ ಗೊತ್ತಾ? ಹೊಸದ್ರಾಗೂ ಕಲೆ ಬಂದ್ರೆ, ಪರದೆ ದೊಡ್ಡದಿದ್ದಷ್ಟೂ ಕಲೆ ಪಾಲಿಗೆ ಕಮ್ಮಿ ಜಾಗ ಬರ್ತದೆ ಅಂತ. ಅದು ತಪ್ಪಾ?”

ತಪ್ಪಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಕಲೆ ಕಣ್ಣಿನಲ್ಲಿರುವುದರಿಂದ ಅದರ ಗಾತ್ರ ಬದಲಾಗುವುದಿಲ್ಲ; ಚಿತ್ರ ದೊಡ್ಡದಾದಷ್ಟೂ ಕಲೆಯ ಆಚೆ ಈಚೆ ಹೆಚ್ಚು ಕಾಣುತ್ತದೆ. ಇಷ್ಟು ದಿನ ನಾನು ಯಾರಿಗೆ ದೊಡ್ಡ ಪರದೆ ಬೇಡ ಬೇಡ ಎಂದು ಪಾಠ ಹೇಳುತ್ತಿದ್ದೆನೋ, ಅವರಲ್ಲಿ ದೊಡ್ಡದು ನಿಜಕ್ಕೂ ಬೇಕಿದ್ದವರು ಇವರೊಬ್ಬರೇ. ತಡೆದುಕೊಳ್ಳಲಾರದೆ, “ಇಪ್ಪತ್ತೆಂಟೇ ಮಾಡಿಸೋಣ. ಬೆಳಕು ಹೇಗೋ ಹೊಂದಿಸಿಕೊಡುತ್ತೇನೆ,” ಎಂದುಬಿಟ್ಟೆ. ಹೊಂದಿಸಲು ಸಾಧ್ಯವಿಲ್ಲವೆಂದು ನನಗೆ ಗೊತ್ತಿತ್ತು. ಅವರ ಜನರೇಟರಿಗೆ ಅಷ್ಟು ತಾಕತ್ತೇ ಇರಲಿಲ್ಲ.

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು.

“ಬ್ಯಾಡ ಬಿಡ್ರಿ. ಇಪ್ಪತ್ನಾಲ್ಕೇ ಇರ್ಲಿ. ಕಾಸು ಕೊಟ್ಟು ನೋಡೋರು ನಾನಲ್ವಲ್ಲ.”

ಚಿತ್ರದುರ್ಗದಲ್ಲಿ ಶಾಮಿಯಾನ ಹೊಲಿಯುವವರ ಹತ್ತಿರ ಪರದೆ ಹೊಲಿಸಿದೆವು. ಹೊಲಿಗೆ ನಟರ ಮುಖದ ಮೇಲೆ ಬರದಂತೆ ಎಲ್ಲಿ ಬರಬೇಕು ಎಂದು ತಿಪ್ಪೇಸ್ವಾಮಿಯೇ ಕೈಯಿಂದ ಮುಟ್ಟಿ ಮುಟ್ಟಿ ತೋರಿಸಿದರು. ಸ್ಕೋಪ್ ಲೆನ್ಸನ್ನು ಬಾಡಿಗೆಗೆ ತಂದೆವು. ಲೈಸೆನ್ಸ್ ಇದ್ದ ಒಬ್ಬ ಹುಡುಗನನ್ನು ಆಪರೇಟರನಾಗಿ ಹಿರಿಯೂರಿನಿಂದ ಗೊತ್ತುಮಾಡಿದೆವು. ಒಳ್ಳೆಯ ಕೆಲಸಗಾರ, ಚುರುಕು, ಸ್ವಲ್ಪ ಬಾಯಿ ಜಾಸ್ತಿ. ಲ್ಯಾಂಪ್‌ಹೌಸಿನ ಕಿಂಡಿಗೆ ಬಡಿದಿದ್ದ ತಗಡು ಕಿತ್ತು ಹೊಸ ಕಪ್ಪು ಗಾಜು ಕೂರಿಸಿದೆ. ಬರಿಗಣ್ಣಿನಿಂದ ನೋಡಿದರೆ ಏನಾಗುತ್ತದೆ ಎಂದು ಅವನಿಗೆ ಹೇಳಬೇಕಾದ್ದನ್ನೆಲ್ಲ ಹೇಳಿದೆ. ಅವನು ತಲೆಯಾಡಿಸಿದ. ಆ ತಲೆಯಾಡಿಸುವಿಕೆ ನನಗೆ ಚೆನ್ನಾಗಿ ಗೊತ್ತು. ದೊಡ್ಡ ಪರದೆ ಕೇಳಲು ಬಂದವರೆಲ್ಲ ಹಾಗೆಯೇ ಆಡಿಸುತ್ತಿದ್ದರು.

ಚಿಕ್ಕಜಾಜೂರಿನ ಮೊದಲ ಆಟಕ್ಕೆ ಟೆಂಟು ಕಿಕ್ಕಿರಿಯಿತು. ಡ್ಯೂಟಿ ಮುಗಿಸಿದ ರೈಲ್ವೆಯವರು ಸಂಸಾರ ಸಮೇತ ಬಂದಿದ್ದರು. ಚಿತ್ರ ಅಗಲಕ್ಕೆ ಬಿಚ್ಚಿಕೊಂಡಾಗ ಜನ ಹೋ ಎಂದರು. ನಾನು ಕ್ಯಾಬಿನ್ನಿನ ಪಕ್ಕದಲ್ಲಿ ನಿಂತು ನೋಡಿದೆ. ಅಂಚು, ನಡು, ಬೆಳಕು ಎಲ್ಲ ಹದವಾಗಿತ್ತು. ನನ್ನ ನೌಕರಿಯಲ್ಲಿ ಅಷ್ಟು ಕಡಿಮೆ ಖರ್ಚಿನಲ್ಲಿ ಅಷ್ಟು ಒಳ್ಳೆಯ ಪರದೆಯನ್ನು ಬೇರೆ ಯಾರಿಗೂ ಮಾಡಿಸಿಕೊಟ್ಟಿಲ್ಲ. ಮನಸ್ಸಿಗೆ ಮಾತ್ರ ಒಂದಿಷ್ಟೂ ಖುಷಿಯಾಗಲಿಲ್ಲ.

ಜನರ ಜೊತೆ ಮುಂದೆ ಕೂರಲು ತಿಪ್ಪೇಸ್ವಾಮಿ ಒಪ್ಪಲಿಲ್ಲ. ಕ್ಯಾಬಿನ್ನಿನೊಳಗೆ ಯಂತ್ರಕ್ಕೆ ಬೆನ್ನು ಮಾಡಿ ಒಂದು ಸ್ಟೂಲಿನ ಮೇಲೆ ಕುಳಿತಿದ್ದರು. ಇಂಟರ್ವಲ್ಲಿನಲ್ಲಿ ನಾನು ಒಳಗೆ ಹೋಗಿ ಅಭ್ಯಾಸಬಲದಿಂದ ಎಣ್ಣೆ ಕ್ಯಾನು ತೆಗೆದುಕೊಂಡು ಯಂತ್ರದ ಸುತ್ತ ಒಂದೊಂದೇ ತೊಟ್ಟು ಬಿಡುತ್ತ ಬಂದೆ. ಲ್ಯಾಂಪ್‌ಹೌಸಿನ ಬಾಗಿಲು ಮುಟ್ಟಿದಾಗ ಅದರ ಕೀಲು ಕಿರ್ರೆಂದಿತು.

“ಸಾರ್, ಅದ್ಕೆ ಎಣ್ಣೆ ಬಿಡ್ಬ್ಯಾಡ್ರಿ,” ಎಂದರು ತಿಪ್ಪೇಸ್ವಾಮಿ. ಯಾಕೆಂದು ಕೇಳಿದೆ. “ಇರ್ಲಿ ಬಿಡ್ರಿ,” ಎಂದಷ್ಟೇ ಹೇಳಿದರು.

ಆಟ ಮತ್ತೆ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಹೊಸ ಆಪರೇಟರ್ ಆಚೆ ಈಚೆ ನೋಡಿ, ನಾನು ರೀಲಿನ ಕಡೆ ತಿರುಗಿದ್ದನ್ನು ಗಮನಿಸಿ, ಮೆಲ್ಲಗೆ ಲ್ಯಾಂಪ್‌ಹೌಸಿನ ಬಾಗಿಲಿಗೆ ಕೈ ಹಾಕಿದ. ಯಂತ್ರದ ಕಟಕಟ ಸದ್ದಿನ ನಡುವೆ ಕೀಲು ಕಿರ್ರೆಂದಿತು.

“ಲೇ! ಮುಚ್ಚಲೇ ಬಾಗ್ಲು!”

ತಿಪ್ಪೇಸ್ವಾಮಿ ತಿರುಗಿಯೂ ನೋಡಿರಲಿಲ್ಲ. ಅವರ ಕೂಗಿಗೆ ಹುಡುಗ ಬೆಚ್ಚಿ ಬಾಗಿಲು ಮುಚ್ಚಿದ. ಹೊರಗೆ ಹಿಂದಿನ ಸಾಲಿನವರು ಏನಾಯಿತೆಂದು ತಿರುಗಿ ನೋಡಿದರು.

ಆ ಟೆಂಟು ಇನ್ನೆರಡು ಬೇಸಿಗೆ ನಡೆಯಿತು. ಆಪರೇಟರನ ಸಂಬಳ, ಲೆನ್ಸಿನ ಬಾಡಿಗೆ ಕಳೆದು ಮನೆಗೆ ಉಳಿಯುವುದು ಕಡಿಮೆಯಾಗುತ್ತಾ ಬಂದು, ಕೊನೆಗೆ ಹೊಳಲ್ಕೆರೆ ಕಡೆಯವರೊಬ್ಬರಿಗೆ ಪರದೆ ಸಮೇತ ಒಪ್ಪಿಸಿದರು. ಅಷ್ಟರಲ್ಲಿ ನನಗೂ ವರ್ಗವಾಗಿತ್ತು. ಟೆಂಟು ಇದ್ದಷ್ಟು ದಿನ ಪ್ರತಿ ಆಟಕ್ಕೂ ತಿಪ್ಪೇಸ್ವಾಮಿ ಆ ಸ್ಟೂಲಿನ ಮೇಲೆ ಕುಳಿತಿರುತ್ತಿದ್ದರೆಂದು ಆಮೇಲೊಮ್ಮೆ ಸಿಕ್ಕಾಗ ಗೌರಮ್ಮ ಹೇಳಿದರು. ಒಳಗೆ ಕುಳಿತು ಏನು ಮಾಡ್ತೀರಿ, ಕಾಣೋದಾದ್ರೂ ಏನು ಎಂದು ಆಕೆ ಬೈದರೆ, ‘ಬಾಗ್ಲು ಕಾಯ್ತೀನಿ’ ಎನ್ನುತ್ತಿದ್ದರಂತೆ.

ಮೂವತ್ತು ವರ್ಷ ಈ ಕೆಲಸ ಮಾಡಿದೆ. ಯಂತ್ರ ಕಿರುಗುಟ್ಟಿದರೆ ಎಣ್ಣೆ ಬಿಡಬೇಕು ಎನ್ನುವುದು ಇದರ ಮೊದಲ ಪಾಠ. ನನಗೂ ಅದನ್ನೇ ಕಲಿಸಿದ್ದರು, ನಾನೂ ಕಿರಿಯರಿಗೆ ಅದನ್ನೇ ಕಲಿಸಿದೆ. ಆದರೆ ಚಿಕ್ಕಜಾಜೂರಿನ ಆ ಸಂಜೆಯ ನಂತರ, ಯಾವ ಊರಿನ ಯಾವ ಥಿಯೇಟರಿಗೆ ಹೋದರೂ, ಮಾಲೀಕರು ಎಷ್ಟೇ ಗೊಣಗಿದರೂ, ಲ್ಯಾಂಪ್‌ಹೌಸಿನ ಬಾಗಿಲ ಕೀಲಿಗೆ ಮಾತ್ರ ನಾನು ಎಣ್ಣೆ ಬಿಡಲಿಲ್ಲ.